ಲೇಸರ್ ಫ್ಯೂಷನ್ ನ್ಯೂಟ್ರಾನ್: ಯಾವ ಟಾರ್ಗೆಟ್ ಹಾಕೋದು, ಯಾವ ಡಿಟೆಕ್ಟರ್ ಇಡೋದು

ಲೇಸರ್‌ನಿಂದ ಫ್ಯೂಷನ್ ಮಾಡಿ (ಹಗುರ ನ್ಯೂಕ್ಲಿಯಸ್‌ಗಳನ್ನ ಬೆಸೆದು) ನ್ಯೂಟ್ರಾನ್ ತೆಗೀತೀವಿ ಅಂದ ತಕ್ಷಣ ಮಾತೆಲ್ಲ ಲೇಸರ್ ಸುತ್ತಾನೇ ಇರತ್ತೆ, ಎಷ್ಟು ಜೂಲ್, ಎಷ್ಟು ಫೆಮ್ಟೋಸೆಕೆಂಡ್, ಫೋಕಸ್ ಎಷ್ಟು ಮೈಕ್ರಾನ್ ಅಂತ. ಡಿಟೆಕ್ಟರ್ ವಿಷ್ಯ ಬರೋದು ಕೊನೇಲಿ, ಲ್ಯಾಬಲ್ಲಿ ಏನಿದ್ಯೋ ಅದನ್ನೇ ಚೇಂಬರ್ ಪಕ್ಕ ಇಟ್ರಾಯ್ತು ಅನ್ನೋ ಲೆಕ್ಕದಲ್ಲಿ. ನನ್ನ ಪ್ರಕಾರ ಇದು ಪೂರ್ತಿ ಉಲ್ಟಾ. ಲೇಸರ್‌ನಿಂದ ನ್ಯೂಟ್ರಾನ್ ಹುಟ್ಟಿಸೋದು 1968ರಲ್ಲೇ ಆಗಿದೆ, ಮಾಸ್ಕೋದ ಲೆಬೆಡೆವ್ ಇನ್‌ಸ್ಟಿಟ್ಯೂಟ್‌ನಲ್ಲಿ ಬಾಸೊವ್ ತಂಡದವರು ಲಿಥಿಯಂ ಡ್ಯೂಟರೈಡ್ ಮೇಲೆ ಲೇಸರ್ ಹೊಡೆದು ನೋಡಿದ್ರು. ಕಷ್ಟ ಇರೋದು ಎಷ್ಟು ಬಂತು, ಎಲ್ಲಿಂದ ಬಂತು, ಅದು ಫ್ಯೂಷನ್‌ದೇನಾ ಅಂತ ಎದೆ ತಟ್ಟಿ ಹೇಳೋದ್ರಲ್ಲಿ. ಅದಕ್ಕೆ ಟಾರ್ಗೆಟ್ಟು (ಲೇಸರ್ ಬೀಳೋ ವಸ್ತು), ಡಿಟೆಕ್ಟರ್ರು (ನ್ಯೂಟ್ರಾನ್ ಹಿಡಿಯೋ ಉಪಕರಣ) ಎರಡನ್ನೂ ಜೋಡಿಯಾಗೇ ಆರಿಸ್ಬೇಕು, ಒಂದನ್ನ ಬಿಟ್ಟು ಇನ್ನೊಂದನ್ನ ಆರಿಸಿದ್ರೆ ಆಮೇಲೆ ಒದ್ದಾಟ ತಪ್ಪಲ್ಲ.

ಮೊದಲು ಫ್ಯುಯೆಲ್

ಇಲ್ಲಿ ಆಯ್ಕೆ ಎರಡೇ. ಡ್ಯೂಟೀರಿಯಂ-ಡ್ಯೂಟೀರಿಯಂ (ಡಿಡಿ ಅಂತೀವಿ), ಇಲ್ಲಾ ಡ್ಯೂಟೀರಿಯಂ-ಟ್ರಿಟಿಯಂ (ಡಿಟಿ). ಎರಡೂ ಹೈಡ್ರೋಜನ್ನಿನ ಭಾರದ ರೂಪಗಳು, ಡ್ಯೂಟೀರಿಯಂ ನ್ಯೂಕ್ಲಿಯಸ್‌ಗೆ ಡ್ಯೂಟರಾನ್, ಟ್ರಿಟಿಯಂದಕ್ಕೆ ಟ್ರಿಟಾನ್ ಅಂತ ಹೆಸರು. ಡಿಟಿಯಲ್ಲಿ ಒಂದೊಂದು ರಿಯಾಕ್ಷನ್‌ಗೆ 17.6 ಎಂಇವಿ (ಮೆಗಾ ಎಲೆಕ್ಟ್ರಾನ್‌ವೋಲ್ಟ್, ಕಣಗಳ ಎನರ್ಜಿಯ ಅಳತೆ) ಬಿಡುಗಡೆ ಆಗತ್ತೆ, ಅದ್ರಲ್ಲಿ ನ್ಯೂಟ್ರಾನ್ ಪಾಲು 14.1 ಎಂಇವಿ. ಡಿಡಿಯಲ್ಲಿ ನ್ಯೂಟ್ರಾನ್‌ಗೆ ಸಿಗೋದು 2.45 ಎಂಇವಿ ಅಷ್ಟೇ, ಅದೂ ಅರ್ಧ ರಿಯಾಕ್ಷನ್‌ಗಳಲ್ಲಿ ಮಾತ್ರ, ಉಳಿದರ್ಧದಲ್ಲಿ ನ್ಯೂಟ್ರಾನ್ ಬದಲು 3.02 ಎಂಇವಿ ಪ್ರೋಟಾನ್, ಜೊತೆಗೆ ಒಂದು ಟ್ರಿಟಾನ್ ಬರತ್ತೆ. ಕೆಲವು ಕೆಇವಿ (ಎಂಇವಿಯ ಸಾವಿರನೇ ಒಂದು ಭಾಗ, ಪ್ಲಾಸ್ಮಾದ ಬಿಸಿನೂ ಇದರಲ್ಲೇ ಅಳೀತೀವಿ) ಟೆಂಪರೇಚರ್‌ನ ಪ್ಲಾಸ್ಮಾದಲ್ಲಿ ಡಿಟಿ ರಿಯಾಕ್ಷನ್ ರೇಟು ಡಿಡಿಗಿಂತ ಸುಮಾರು ನೂರು ಪಟ್ಟು ಜಾಸ್ತಿ, ಹಾಗಾಗಿ ಬರೀ ಎಣಿಕೆ ಬೇಕು ಅಂದ್ರೆ ಡಿಟಿಗೆ ಎದುರಾಳಿನೇ ಇಲ್ಲ.

ಆದ್ರೆ ಟ್ರಿಟಿಯಂ ರೇಡಿಯೋಆಕ್ಟಿವ್, ಅರ್ಧಾಯುಷ್ಯ 12.3 ವರ್ಷ, ಲೋಹದ ಒಳಗೆಲ್ಲ ನುಸುಳತ್ತೆ, ಅದನ್ನ ಇಟ್ಕೊಳ್ಳೋಕೆ ಲೈಸೆನ್ಸು, ಗ್ಲೋವ್ ಬಾಕ್ಸು, ಗಾಳಿ ಮಾನಿಟರಿಂಗು ಎಲ್ಲ ಬೇಕು. ದೊಡ್ಡ ರಾಷ್ಟ್ರೀಯ ಲ್ಯಾಬ್ ಅಲ್ಲದೇ ಇದ್ರೆ ಡಿಡಿ ತಗೊಳ್ಳಿ, ಯೋಚ್ನೇನೇ ಬೇಡ. ಡಿಡಿಯಲ್ಲಿ ಇನ್ನೊಂದು ಲಾಭ ಇದೆ, ಬಹಳ ಜನ ಅದನ್ನ ಉಪಯೋಗಿಸ್ಕೊಳ್ಳಲ್ಲ: ಆ 3 ಎಂಇವಿ ಪ್ರೋಟಾನ್. ನ್ಯೂಟ್ರಾನ್ ಎಷ್ಟು ಹುಟ್ತೋ ಹೆಚ್ಚುಕಮ್ಮಿ ಅಷ್ಟೇ ಪ್ರೋಟಾನೂ ಹುಟ್ಟಿರತ್ತೆ, ಟಾರ್ಗೆಟ್ ತೆಳ್ಳಗಿದ್ರೆ ಇಲ್ಲಾ ಗ್ಯಾಸ್ ಆಗಿದ್ರೆ ಅದು ಹೊರಗೂ ಬರತ್ತೆ, ಮುಂದೆ ಒಂದು ಅಲ್ಯೂಮಿನಿಯಂ ಫಿಲ್ಟರ್ ಹಾಕಿ ಸಿಆರ್-39 (ಕಣ ಬಿದ್ದ ಗುರುತು ಉಳಿಸ್ಕೊಳ್ಳೋ ಪ್ಲಾಸ್ಟಿಕ್) ತುಂಡಿನಲ್ಲಿ ಹಿಡಿದ್ರೆ ನ್ಯೂಟ್ರಾನ್ ಡಿಟೆಕ್ಟರ್‌ಗೆ ಸಂಬಂಧನೇ ಇಲ್ಲದ ಇನ್ನೊಂದು ಸಾಕ್ಷಿ ಸಿಕ್ತು. ದಪ್ಪ ಟಾರ್ಗೆಟ್‌ನಲ್ಲಿ ಇದು ನಡೆಯಲ್ಲ, ಪ್ರೋಟಾನ್ ಒಳಗೇ ನಿಂತುಬಿಡತ್ತೆ.

ನ್ಯೂಟ್ರಾನ್ ಹುಟ್ಟಿಸೋ ದಾರಿಗಳು

ಮೊದಲನೇದು ಎಲ್ಲರಿಗೂ ಗೊತ್ತಿರೋ ಇಂಪ್ಲೋಷನ್, ಪುಟ್ಟ ಕ್ಯಾಪ್ಸೂಲ್‌ನ ಸುತ್ತಲಿಂದ ಒತ್ತಿ ಒಳಗಿನ ಫ್ಯುಯೆಲ್‌ನ ಬಿಸಿ ಮಾಡೋದು. ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಲ್ಯಾಬಿನ ಎನ್‌ಐಎಫ್ (ನ್ಯಾಷನಲ್ ಇಗ್ನಿಷನ್ ಫೆಸಿಲಿಟಿ) ಲೇಸರ್‌ನಲ್ಲಿ 192 ಬೀಮ್, ರಾಚೆಸ್ಟರ್‌ನ ಒಮೆಗಾದಲ್ಲಿ 60 ಬೀಮ್. 2022ರ ಡಿಸೆಂಬರ್ 5ಕ್ಕೆ ಎನ್‌ಐಎಫ್‌ನಲ್ಲಿ 2.05 ಮೆಗಾಜೂಲ್ ಲೇಸರ್ ಒಳಗೆ ಹೋಗಿ 3.15 ಮೆಗಾಜೂಲ್ ಫ್ಯೂಷನ್ ಎನರ್ಜಿ ಹೊರಗೆ ಬಂತಲ್ಲ, ಅದನ್ನ 17.6 ಎಂಇವಿಯಿಂದ ಭಾಗಿಸಿ ನೋಡಿ, 1ರ ಮುಂದೆ 18 ಸೊನ್ನೆ ಹಾಕಿದಷ್ಟು ನ್ಯೂಟ್ರಾನ್, ಒಂದೇ ಶಾಟ್‌ನಲ್ಲಿ, ಅಂದ್ರೆ ಲೇಸರ್‌ನ ಒಂದೇ ಹೊಡೆತದಲ್ಲಿ. ಈ ದಾರಿಯ ದೊಡ್ಡ ಗುಣ ಅಂದ್ರೆ ನ್ಯೂಟ್ರಾನ್ ಬರೋದು ನಿಜವಾದ ಬಿಸಿ ಪ್ಲಾಸ್ಮಾದಿಂದ, ಹೆಚ್ಚುಕಮ್ಮಿ ಎಲ್ಲ ದಿಕ್ಕಿಗೂ ಸಮಾನವಾಗಿ, ಹಾಗಾಗಿ ಸ್ಪೆಕ್ಟ್ರಮ್ ನೋಡಿ ಟೆಂಪರೇಚರ್ ಹೇಳ್ಬಹುದು. ಇದನ್ನ ಮನೇಲಿ ಕಟ್ಟೋಕಾಗಲ್ಲ, ಯೂಸರ್ ಆಗಿ ಅಲ್ಲಿಗೆ ಹೋಗಬೇಕು ಅಷ್ಟೇ, ಅಲ್ಲಿ ಡಿಟೆಕ್ಟರ್‌ಗಳೂ ಆಗ್ಲೇ ಕೂತಿರತ್ವೆ.

ಎರಡನೇದು ನನಗೆ ತುಂಬಾ ಇಷ್ಟವಾದದ್ದು, ಕ್ಲಸ್ಟರ್ ಫ್ಯೂಷನ್. ಡ್ಯೂಟೀರಿಯಂ ಗ್ಯಾಸ್‌ನ ಚೆನ್ನಾಗಿ ತಣ್ಣಗೆ ಮಾಡಿ ಪ್ರೆಶರ್‌ನಲ್ಲಿ ವ್ಯಾಕ್ಯೂಮ್ ಒಳಗೆ ಬಿಟ್ರೆ ಅಣುಗಳು ಒಟ್ಟಿಗೆ ಅಂಟಿಕೊಂಡು ನ್ಯಾನೋಮೀಟರ್ ಸೈಜಿನ ಉಂಡೆಗಳಾಗತ್ವೆ, ಅದರ ಮೇಲೆ ಫೆಮ್ಟೋಸೆಕೆಂಡ್ ಪಲ್ಸ್ ಬಿದ್ದ ಕ್ಷಣ ಎಲೆಕ್ಟ್ರಾನ್ ಎಲ್ಲ ಕಿತ್ಕೊಂಡು ಹೋಗಿ ಉಳಿದ ಪಾಸಿಟಿವ್ ಅಯಾನ್‌ಗಳು ಒಂದನ್ನೊಂದು ದೂಡ್ಕೊಂಡು ಸಿಡಿಯತ್ವೆ, ಆ ಸಿಡಿತದ ವೇಗಾನೇ ಫ್ಯೂಷನ್‌ಗೆ ಸಾಕಾಗತ್ತೆ. 1999ರಲ್ಲಿ ಡಿಟ್‌ಮೈರ್ ಮತ್ತು ಸಂಗಡಿಗರು ಲಿವರ್‌ಮೋರ್‌ನಲ್ಲೇ ಟೇಬಲ್ ಮೇಲಿನ ಲೇಸರ್‌ನಿಂದ, 35 ಫೆಮ್ಟೋಸೆಕೆಂಡಿನ ಬರೀ 120 ಮಿಲಿಜೂಲ್ ಪಲ್ಸ್‌ನಿಂದ, ಶಾಟ್‌ಗೆ ಸುಮಾರು 10 ಸಾವಿರ ನ್ಯೂಟ್ರಾನ್ ತೋರಿಸಿದ್ರು. ಮುಂದೆ ಟೆಕ್ಸಸ್ ಪೆಟಾವಾಟ್ ಲೇಸರ್‌ನಲ್ಲಿ ಇದೇ ದಾರಿ ಶಾಟ್‌ಗೆ ಕೋಟಿ ಮಟ್ಟಕ್ಕೆ ಹೋಯ್ತು. ಟಾರ್ಗೆಟ್ ಗ್ಯಾಸ್ ಆಗಿರೋದ್ರಿಂದ ಕನ್ನಡಿ, ಲೆನ್ಸ್ ಮೇಲೆ ಕಸ ಕೂರಲ್ಲ, ಪ್ರತಿ ಶಾಟ್‌ಗೂ ಹೊಸ ಟಾರ್ಗೆಟ್ ತಾನೇ ಬರತ್ತೆ, ಗಾಮಾ ಗಲಾಟೆನೂ ಸಾಲಿಡ್ ಟಾರ್ಗೆಟ್‌ಗಿಂತ ಎಷ್ಟೋ ಕಡಿಮೆ. ಅಳತೆ ಕಲಿಯೋಕೆ ಹೊರಟಿರೋರಿಗೆ ಇದಕ್ಕಿಂತ ಒಳ್ಳೆ ಸೋರ್ಸ್ ಇಲ್ಲ ಅಂತ ನಾನು ಹೇಳ್ತೀನಿ. ಕ್ರಯೋ ಕೂಲಿಂಗು, ಪಲ್ಸ್ಡ್ ವಾಲ್ವು, ಆ ಗ್ಯಾಸ್‌ನೆಲ್ಲ ಹೊರಗೆ ಎಳೆಯೋ ದೊಡ್ಡ ಪಂಪು ಬೇಕು ಅನ್ನೋದು ಇದರ ಬೆಲೆ.

ಮೂರನೇದು ಡ್ಯೂಟರೇಟೆಡ್ ಪ್ಲಾಸ್ಟಿಕ್, ಅಂದ್ರೆ ಹೈಡ್ರೋಜನ್ ಜಾಗದಲ್ಲೆಲ್ಲ ಡ್ಯೂಟೀರಿಯಂ ಇರೋ ಪಾಲಿಥಿನ್. ಒಂದು ತುಂಡು ಇಟ್ಟು ಹೊಡೆಯೋದು, ಮೇಲ್ಮೈಯಲ್ಲಿ ಆಕ್ಸಲರೇಟ್ ಆದ ಡ್ಯೂಟರಾನ್‌ಗಳು ಒಳಗಿನ ತಣ್ಣನೆ ಡ್ಯೂಟೀರಿಯಂಗೆ ಹೋಗಿ ಬಡಿಯತ್ವೆ. ಸೆಟಪ್ ಬಹಳ ಸುಲಭ, ಯೀಲ್ಡೂ (ಹುಟ್ಟೋ ನ್ಯೂಟ್ರಾನ್ ಎಣಿಕೆ) ಪರವಾಗಿಲ್ಲ. ಆದ್ರೆ ಇದು ಬೀಮ್-ಟಾರ್ಗೆಟ್ ಫ್ಯೂಷನ್, ಥರ್ಮೋನ್ಯೂಕ್ಲಿಯರ್ (ಬಿಸಿ ಪ್ಲಾಸ್ಮಾದಲ್ಲಿ ಆಗೋದು) ಅಲ್ಲ, ಮತ್ತೆ ಇದು ಅಳತೆ ಮೇಲೆ ನೇರವಾಗಿ ಹೊಡೆತ ಕೊಡತ್ತೆ. 1 ಎಂಇವಿ ಡ್ಯೂಟರಾನ್ ಹೋಗಿ ಡಿಡಿ ರಿಯಾಕ್ಷನ್ ಮಾಡಿದ್ರೆ ಮುಂದಕ್ಕೆ ಬರೋ ನ್ಯೂಟ್ರಾನ್ 4.1 ಎಂಇವಿ, ಪಕ್ಕಕ್ಕೆ ಬರೋದು 2.7, ಹಿಂದಕ್ಕೆ ಬರೋದು 1.8 ಎಂಇವಿ ಹತ್ತಿರ. ಎಣಿಕೆನೂ ದಿಕ್ಕಿನಿಂದ ದಿಕ್ಕಿಗೆ ಬದಲಾಗತ್ತೆ. ಒಂದೇ ಕೋನದಲ್ಲಿ ಡಿಟೆಕ್ಟರ್ ಇಟ್ಟು 4πನಿಂದ (ಎಲ್ಲ ದಿಕ್ಕೂ ಸೇರಿದ ಪೂರ್ತಿ ಗೋಳ) ಗುಣಿಸಿ ಒಟ್ಟು ಯೀಲ್ಡ್ ಇಷ್ಟು ಅಂತ ಹೇಳೋ ಹಾಗೇ ಇಲ್ಲ.

ನಾಲ್ಕನೇದು ಪಿಚರ್-ಕ್ಯಾಚರ್, ತೆಳು ಫಾಯಿಲ್ ಹಿಂಬದಿಯಿಂದ ಅಯಾನ್ ಎಸೆಸಿ ಪಕ್ಕದಲ್ಲೇ ಇರೋ ಬೆರಿಲಿಯಂ ಇಲ್ಲಾ ಲಿಥಿಯಂ ಫ್ಲೋರೈಡ್ ತುಂಡಿನಲ್ಲಿ ಹಿಡಿಯೋದು. 2013ರಲ್ಲಿ ಲಾಸ್ ಅಲಾಮೋಸ್‌ನ ಟ್ರೈಡೆಂಟ್ ಲೇಸರ್‌ನಲ್ಲಿ ರೋಥ್ ತಂಡ ಡ್ಯೂಟರೇಟೆಡ್ ಪ್ಲಾಸ್ಟಿಕ್ ಫಾಯಿಲ್, ಬೆರಿಲಿಯಂ ಕ್ಯಾಚರ್ ಜೋಡಿಯಿಂದ ಮುಂದಿನ ದಿಕ್ಕಿಗೆ ಸ್ಟೆರೇಡಿಯನ್‌ಗೆ (ಪೂರ್ತಿ ಗೋಳದ 4πರಲ್ಲಿ ಒಂದು ಪಾಲು) 100 ಕೋಟಿಗೂ ಮೀರಿ ನ್ಯೂಟ್ರಾನ್ ತೆಗೆದ್ರು. ರೇಡಿಯೋಗ್ರಫಿಗೆ, ಮೆಟೀರಿಯಲ್ ಟೆಸ್ಟಿಂಗ್‌ಗೆ ಕೈಯಲ್ಲಿ ನ್ಯೂಟ್ರಾನ್ ಬೇಕು ಅನ್ನೋರಿಗೆ ಇದೇ ಸರಿ. ಫ್ಯೂಷನ್ ಫಿಸಿಕ್ಸ್ ತಿಳ್ಕೊಬೇಕು ಅನ್ನೋರಿಗೆ ಅಲ್ಲ, ಇಲ್ಲಿ ಆಗೋದು ಬಹುಪಾಲು ಬೇರೆ ನ್ಯೂಕ್ಲಿಯರ್ ರಿಯಾಕ್ಷನ್‌ಗಳು.

ಭಾರಜಲದ (ಹೈಡ್ರೋಜನ್ ಬದಲು ಡ್ಯೂಟೀರಿಯಂ ಇರೋ ನೀರು) ಜೆಟ್ ಅಂತ ಇನ್ನೊಂದಿದೆ, ಸಣ್ಣ ಲೇಸರ್‌ನವರಿಗೆ. ಮಿಚಿಗನ್ ಯೂನಿವರ್ಸಿಟಿಯವರು ಕೆಲವೇ ಮಿಲಿಜೂಲ್ ಪಲ್ಸ್‌ನ ಸೆಕೆಂಡಿಗೆ 500 ಸಲ ಹರಿಯೋ ಭಾರಜಲದ ಮೇಲೆ ಹೊಡೆದು ಸೆಕೆಂಡಿಗೆ ಲಕ್ಷದಷ್ಟು ನ್ಯೂಟ್ರಾನ್ ತೆಗೆದಿದ್ರು. ವ್ಯಾಕ್ಯೂಮ್ ಒಳಗೆ ನೀರು ಬಿಡೋದು ಅಂದ್ರೆ ಐಸ್ ಕಟ್ಟೋ ಕಾಟ ಇದ್ದೇ ಇದೆ.

ನ್ಯೂಟ್ರಾನ್ ಕಂಡ್ರೆ ಸಾಕಾ?

ಸಾಲದು. ಇಲ್ಲಿ ಜೀಟಾ ಕಥೆ ಹೇಳ್ಲೇಬೇಕು, ಅದು ಲೇಸರ್ ಅಲ್ಲ ಆದ್ರೂ ಪಾಠ ಅದೇ. ಬ್ರಿಟನ್‌ನ ಹಾರ್ವೆಲ್‌ನಲ್ಲಿದ್ದ ಜೀಟಾ ಅನ್ನೋ, ಕರೆಂಟ್‌ನಿಂದ ಪ್ಲಾಸ್ಮಾನ ಹಿಂಡೋ ಪಿಂಚ್ ಮಷೀನ್‌ನಿಂದ ನ್ಯೂಟ್ರಾನ್ ಬಂತು, 1958ರ ಜನವರಿಯಲ್ಲಿ ಇದು ಬಹುಶಃ ಥರ್ಮೋನ್ಯೂಕ್ಲಿಯರ್ ಅಂತ ದೊಡ್ಡ ಸುದ್ದಿ ಆಯ್ತು, ಆಮೇಲೆ ಭೌತವಿಜ್ಞಾನಿ ಬೇಸಿಲ್ ರೋಸ್ ಬೇರೆ ಬೇರೆ ದಿಕ್ಕಿನಿಂದ ನ್ಯೂಟ್ರಾನ್ ಎನರ್ಜಿ ಅಳೆದು ನೋಡಿದ್ರೆ ಎರಡೂ ಕಡೆ ಒಂದೇ ಇರ್ಲಿಲ್ಲ, ಅಂದ್ರೆ ಯಾವುದೋ ಒಂದು ದಿಕ್ಕಲ್ಲಿ ಓಡ್ತಿದ್ದ ಡ್ಯೂಟರಾನ್‌ಗಳ ಕೆಲಸ ಅದು, ಬಿಸಿ ಪ್ಲಾಸ್ಮಾದ್ದಲ್ಲ. ಅದೇ ವರ್ಷ ಮೇ ತಿಂಗಳಲ್ಲಿ ಹೇಳಿಕೆ ವಾಪಸ್. ನ್ಯೂಟ್ರಾನ್ ಇತ್ತು, ಎಣಿಕೆ ಸರಿ ಇತ್ತು, ಅರ್ಥ ಮಾತ್ರ ಬೇರೆ. ಹಾಗಾಗಿ ಥರ್ಮೋನ್ಯೂಕ್ಲಿಯರ್ ಅನ್ನೋ ಪದ ಬಳಸೋ ಮುಂಚೆ ಕನಿಷ್ಠ ಎರಡು ಕೋನದಲ್ಲಿ, ಸಾಧ್ಯ ಆದ್ರೆ ಎದುರುಬದುರು ದಿಕ್ಕಲ್ಲಿ, ಎನರ್ಜಿ ಅಳೀರಿ.

ಪೆಟಾವಾಟ್ (ಅತಿ ಹೆಚ್ಚು ಪವರ್‌ನ) ಲೇಸರ್‌ನಲ್ಲಿ ಇನ್ನೊಂದು ಮೋಸ ಇದೆ, ಫೋಟೋನ್ಯೂಟ್ರಾನ್. ಲೇಸರ್‌ನಿಂದ ಹತ್ತಾರು ಎಂಇವಿ ಎಲೆಕ್ಟ್ರಾನ್ ಹುಟ್ಟಿ ಅವು ಚೇಂಬರ್ ಗೋಡೆಗೋ ಲೆಡ್‌ಗೋ ಬಡಿದು ಗಾಮಾ ಆಗಿ, ಆ ಗಾಮಾ ಅಲ್ಲಿನ ನ್ಯೂಕ್ಲಿಯಸ್‌ನಿಂದ ನ್ಯೂಟ್ರಾನ್ ಉದುರಿಸತ್ತೆ. ಬೆರಿಲಿಯಂಗೆ 1.66 ಎಂಇವಿ ಗಾಮಾ ಸಾಕು, ಡ್ಯೂಟೀರಿಯಂಗೇ 2.22 ಎಂಇವಿ ಸಾಕು. ಇದನ್ನ ಹಿಡಿಯೋಕೆ ಇರೋ ದಾರಿ ನಲ್ ಶಾಟ್: ಅದೇ ದಪ್ಪ, ಅದೇ ಆಕಾರದ ಮಾಮೂಲಿ ಪಾಲಿಥಿನ್ ಇಟ್ಟು ಅದೇ ಎನರ್ಜಿಯಲ್ಲಿ ಹೊಡೀರಿ. ಆಗ್ಲೂ ಸಿಗ್ನಲ್ ಬಂದ್ರೆ ಅಷ್ಟು ಭಾಗ ಫ್ಯೂಷನ್‌ದಲ್ಲ, ಕಳೀರಿ. ಬೀಮ್ ಟೈಮ್ ಕಡಿಮೆ ಇದೆ, ನಲ್ ಶಾಟ್ ಬೇಡ ಅನ್ನೋರ ಡೇಟಾನ ನಾನಂತೂ ನಂಬಲ್ಲ.

ಈಗ ಡಿಟೆಕ್ಟರ್

ಡಿಟೆಕ್ಟರ್‌ಗಳಲ್ಲಿ ಎರಡು ಜಾತಿ ಅಂದ್ಕೊಳ್ಳಿ. ಒಂದು ಆ ಕ್ಷಣದಲ್ಲೇ ಟೈಮ್ ಹೇಳೋದು, ಇನ್ನೊಂದು ಒಟ್ಟು ಎಷ್ಟು ಬಿತ್ತು ಅಂತ ನೆನಪಿಟ್ಕೊಂಡು ಆಮೇಲೆ ಹೇಳೋದು. ಮೊದಲನೇದಕ್ಕೆ ಲೇಸರ್ ಶಾಟ್‌ನ ಎಲೆಕ್ಟ್ರೋಮ್ಯಾಗ್ನೆಟಿಕ್ ಪಲ್ಸ್ ಅಂದ್ರೆ ಆಗಲ್ಲ, ಗಾಮಾ ಫ್ಲ್ಯಾಶ್ ಅಂದ್ರೂ ಆಗಲ್ಲ. ಎರಡನೇದಕ್ಕೆ ಅದರ ಹಂಗಿಲ್ಲ, ಆದ್ರೆ ಬರೀ ಒಟ್ಟು ಸಂಖ್ಯೆ, ಅದೂ ತಡವಾಗಿ. ಒಂದೊಂದು ಜಾತಿಯಿಂದ ಒಂದೊಂದು ತಗೊಳ್ಳಿ, ಎರಡೂ ಒಂದೇ ಜಾತಿದು ಬೇಡ.

ಟೈಮ್ ಆಫ್ ಫ್ಲೈಟ್ (ನ್ಯೂಟ್ರಾನ್ ಬಂದು ಸೇರೋಕೆ ಹಿಡಿಯೋ ಟೈಮ್ ಅಳೆಯೋದು) ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳ್ತೀನಿ, ಯಾಕಂದ್ರೆ ಎನರ್ಜಿ ಹೇಳೋದು ಇದೇ. ವೇಗದ ಪ್ಲಾಸ್ಟಿಕ್ ಸಿಂಟಿಲೇಟರ್ (ಕಣ ಬಡಿದ್ರೆ ಮಿನುಗೋ ವಸ್ತು), ಹಿಂದೆ ಒಂದು ಪಿಎಂಟಿ (ಫೋಟೋಮಲ್ಟಿಪ್ಲೈಯರ್ ಟ್ಯೂಬ್, ಆ ಮಿನುಗನ್ನ ಕರೆಂಟ್ ಮಾಡೋದು), ಒಂದು ಆಸಿಲೋಸ್ಕೋಪ್, ಇಷ್ಟೇ. 2.45 ಎಂಇವಿ ನ್ಯೂಟ್ರಾನ್ ನ್ಯಾನೋಸೆಕೆಂಡಿಗೆ 2.16 ಸೆಂಮೀ ಓಡತ್ತೆ, 14.1 ಎಂಇವಿದು 5.1 ಸೆಂಮೀ, ಗಾಮಾ ಬೆಳಕಿನ ವೇಗದಲ್ಲಿ 30 ಸೆಂಮೀ. ಡಿಟೆಕ್ಟರ್ 3 ಮೀಟರ್ ದೂರ ಇಟ್ರೆ ಗಾಮಾ 10 ನ್ಯಾನೋಸೆಕೆಂಡಿಗೆ ಬಂದುಬಿಡತ್ತೆ, ಡಿಡಿ ನ್ಯೂಟ್ರಾನ್ 139ಕ್ಕೆ. ಸ್ಕೋಪ್ ಮೇಲೆ ಮೊದಲು ಗಾಮಾದ ದೊಡ್ಡ ಗುಂಡಿ (ಕೆಳಕ್ಕೆ ಬೀಳೋ ಸಿಗ್ನಲ್), ಸುಮಾರು 129 ನ್ಯಾನೋಸೆಕೆಂಡ್ ಬಿಟ್ಟು ನ್ಯೂಟ್ರಾನ್‌ದು ಸಣ್ಣ ಗುಂಡಿ. ಆ ಗ್ಯಾಪ್ ಸರಿಯಾಗಿ ಬಂದ್ರೆ ಡಿಡಿ ಅಂತ ಧೈರ್ಯವಾಗಿ ಹೇಳ್ಬಹುದು, ದೂರ ಬದಲಾಯಿಸಿ ಗ್ಯಾಪೂ ಅದೇ ಲೆಕ್ಕದಲ್ಲಿ ಬದಲಾದ್ರಂತೂ ಇನ್ನೂ ಗಟ್ಟಿ.

ದೂರ ಎಷ್ಟಿರ್ಬೇಕು ಅನ್ನೋದೇ ಇಲ್ಲಿನ ನಿಜವಾದ ಆಯ್ಕೆ. ಸಿಂಟಿಲೇಟರ್ 5 ಸೆಂಮೀ ದಪ್ಪ ಇದೆ ಅಂದ್ಕೊಳ್ಳಿ, ಡಿಡಿ ನ್ಯೂಟ್ರಾನ್ ಅದರ ಮುಂದಿನ ಮುಖದಲ್ಲಿ ಬಡಿತೋ ಹಿಂದಿನ ಮುಖದಲ್ಲಿ ಬಡಿತೋ ಗೊತ್ತಾಗಲ್ಲ, ಅಲ್ಲೇ 2.3 ನ್ಯಾನೋಸೆಕೆಂಡ್ ಮಸುಕು. ಎನರ್ಜಿಯ ತಪ್ಪು ಟೈಮ್ ತಪ್ಪಿನ ಎರಡರಷ್ಟು, ಹಾಗಾಗಿ 1 ಮೀಟರ್‌ನಲ್ಲಿ ಎನರ್ಜಿಗೆ 10% ಮಸುಕು, 3 ಮೀಟರ್‌ನಲ್ಲಿ 3% ಚಿಲ್ಲರೆ, 10 ಮೀಟರ್‌ನಲ್ಲಿ 1%. ಆದ್ರೆ 10 ಮೀಟರ್‌ಗೆ ಹೋದ್ರೆ ಸಿಗ್ನಲ್ 1 ಮೀಟರ್‌ನದ್ದರ ನೂರನೇ ಒಂದು ಭಾಗ. ಇನ್ನು ಎಣಿಕೆ ನೋಡಿ: 10 ಸೆಂಮೀ ಅಗಲದ ಗುಂಡನೆ ಸಿಂಟಿಲೇಟರ್ 3 ಮೀಟರ್‌ನಲ್ಲಿದ್ರೆ ಅದಕ್ಕೆ ಸಿಗೋದು ಒಟ್ಟು ನ್ಯೂಟ್ರಾನ್‌ನಲ್ಲಿ ಲಕ್ಷಕ್ಕೆ 7. ಅಂದ್ರೆ ಶಾಟ್‌ಗೆ ಲಕ್ಷ ನ್ಯೂಟ್ರಾನ್ ಹುಟ್ಟಿದ್ರೆ ಏಳು ಬರತ್ತೆ, ಅದ್ರಲ್ಲಿ ಎರಡೋ ಮೂರೋ ಬಡಿಯತ್ತೆ. ಹೀಗಿದ್ದಾಗ ಒಂದೇ ಶಾಟ್‌ನ ಟ್ರೇಸ್ ನೋಡಿ ಏನೂ ಹೇಳೋಕಾಗಲ್ಲ, ಸಾವಿರಾರು ಶಾಟ್ ಹೊಡೆದು ಒಂದೊಂದು ಬಡಿತದ ಟೈಮ್‌ನ ಹಿಸ್ಟೋಗ್ರಾಮ್‌ಗೆ ಹಾಕಬೇಕು. ಲೇಸರ್ ಸೆಕೆಂಡಿಗೆ 10 ಸಲ ಹೊಡೆಯೋದಾದ್ರೆ ಇದು ಬಹಳ ಚೆಂದದ ಮೆಥಡ್, ಗಂಟೆಗೊಂದು ಶಾಟ್ ಇರೋ ಲೇಸರ್‌ಗೆ ಪ್ರಯೋಜನ ಇಲ್ಲ.

ಟೆಂಪರೇಚರ್ ಬೇಕಾದ್ರೂ ಇದೇ. ಪ್ಲಾಸ್ಮಾ ಬಿಸಿ ಇದ್ದಷ್ಟೂ ನ್ಯೂಟ್ರಾನ್ ಪೀಕ್ ಅಗಲ ಆಗತ್ತೆ. ಡಿಡಿಗೆ ಪೀಕ್‌ನ ಅಗಲ, ನ್ಯಾನೋಸೆಕೆಂಡಿನಲ್ಲಿ, 0.78 ಗುಣಿಸು ಮೀಟರ್‌ನಲ್ಲಿ ದೂರ ಗುಣಿಸು ಕೆಇವಿಯಲ್ಲಿ ಟೆಂಪರೇಚರ್‌ನ ವರ್ಗಮೂಲ. ಡಿಟಿಗೆ ಅದೇ ಲೆಕ್ಕ, 0.78 ಬದಲು 0.122. 10 ಮೀಟರ್‌ನಲ್ಲಿ 1 ಕೆಇವಿ ಡಿಡಿ ಪ್ಲಾಸ್ಮಾ 7.8 ನ್ಯಾನೋಸೆಕೆಂಡ್ ಅಗಲ ಕೊಡತ್ತೆ, ಡಿಟಿ ಬರೀ 1.2, ಅದಕ್ಕೇ ಡಿಟಿ ಅಳೆಯೋರಿಗೆ ತೆಳು, ಅತಿ ವೇಗದ ಸಿಂಟಿಲೇಟರೇ ಬೇಕಾಗೋದು. ಬೀಮ್-ಟಾರ್ಗೆಟ್ ಸೋರ್ಸ್‌ಗೆ ಈ ಫಾರ್ಮುಲಾ ಹಾಕಲೇಬೇಡಿ, ಒಂದು ನಂಬರ್ ಬರತ್ತೆ, ಅದು ಟೆಂಪರೇಚರ್ ಆಗಿರಲ್ಲ.

ಗಾಮಾ ಫ್ಲ್ಯಾಶ್ ಈ ಮೆಥಡ್‌ನ ಶತ್ರು. ಪಿಎಂಟಿ ಒಮ್ಮೆ ಸ್ಯಾಚುರೇಟ್ ಆದ್ರೆ ಬೇಸ್‌ಲೈನ್ ವಾಪಸ್ ಬರೋಷ್ಟರಲ್ಲಿ ನ್ಯೂಟ್ರಾನ್ ಬಂದು ಹೋಗಿರತ್ತೆ. ಮುಂದೆ 5-10 ಸೆಂಮೀ ಲೆಡ್ ಇಡಿ, ಲೆಡ್ ಸ್ವಲ್ಪ ನ್ಯೂಟ್ರಾನ್ ಚದುರಿಸತ್ತೆ ನಿಜ, ಆದ್ರೂ ಇಡಿ. ಅದೂ ಸಾಲದಿದ್ರೆ ಗಾಮಾ ಹೋದ ಮೇಲೆ ಆನ್ ಆಗೋ ಗೇಟೆಡ್ ಪಿಎಂಟಿ. ಇನ್ನೂ ಮುಂದೆ ಹೋಗೋರು ಒಮೆಗಾದವರ ಹಾಗೆ ಆಕ್ಸಿಜನ್ ತುಂಬಿದ ಕ್ಸೈಲೀನ್ ಲಿಕ್ವಿಡ್ ಸಿಂಟಿಲೇಟರ್ ಹಾಕ್ತಾರೆ, ಆಕ್ಸಿಜನ್ ಇದ್ರೆ ಆ ಉದ್ದನೆ ಬಾಲದ ಹೊಳಪು ಬೇಗ ಆರತ್ತೆ.

ಇನ್ನು ಆಕ್ಟಿವೇಷನ್. ಒಂದು ಲೋಹದ ತುಂಡು ಇಡಿ, ನ್ಯೂಟ್ರಾನ್ ಬಿದ್ದು ಅದು ಸ್ವಲ್ಪ ರೇಡಿಯೋಆಕ್ಟಿವ್ ಆಗತ್ತೆ, ಎತ್ಕೊಂಡು ಹೋಗಿ ಗಾಮಾ ಸ್ಪೆಕ್ಟ್ರೋಮೀಟರ್ ಮೇಲೆ ಇಟ್ಟು ಎಣಿಸಿ. ಡಿಡಿಗೆ ಇಂಡಿಯಂ: ಇಂಡಿಯಂ-115 ಮೇಲಿನ ಸ್ಟೇಟ್‌ಗೆ ಹೋಗಿ 336 ಕೆಇವಿ ಗಾಮಾ ಬಿಡತ್ತೆ, ಅರ್ಧಾಯುಷ್ಯ 4.5 ಗಂಟೆ, ಆರಾಮಾಗಿ ನಡ್ಕೊಂಡು ಹೋಗಿ ಎಣಿಸ್ಬಹುದು. ಡಿಟಿಗೆ ಕಾಪರ್ ಇಲ್ಲಾ ಜಿರ್ಕೋನಿಯಂ. ಕಾಪರ್-62ರ ಅರ್ಧಾಯುಷ್ಯ 9.7 ನಿಮಿಷ, ಓಡ್ಬೇಕು; ಜಿರ್ಕೋನಿಯಂ-89ರದ್ದು 78 ಗಂಟೆ, ನಾಳೆ ಎಣಿಸಿದ್ರೂ ನಡೆಯತ್ತೆ. ಈ ಎರಡೂ ರಿಯಾಕ್ಷನ್ ಶುರುವಾಗೋದೇ 11-12 ಎಂಇವಿ ಮೇಲೆ, ಹಾಗಾಗಿ ರೂಮಲ್ಲಿ ಚದುರಿ ನಿಧಾನ ಆದ ನ್ಯೂಟ್ರಾನ್‌ಗಳು ಲೆಕ್ಕಕ್ಕೇ ಬರಲ್ಲ, ಡಿಟಿಯವರಿಗೆ ಇದೊಂದು ವರ.

ಆದ್ರೆ ಎಷ್ಟು ನ್ಯೂಟ್ರಾನ್ ಇದ್ರೆ ಇಂಡಿಯಂ ಕೆಲಸ ಮಾಡತ್ತೆ ಅಂತ ಒಮ್ಮೆ ಲೆಕ್ಕ ಹಾಕಿ ನೋಡಿ. 1 ಕೋಟಿ ಡಿಡಿ ನ್ಯೂಟ್ರಾನ್, 5 ಸೆಂಮೀ ದೂರದಲ್ಲಿ 10 ಗ್ರಾಂ ಇಂಡಿಯಂ. ಚದರ ಸೆಂಮೀಗೆ ಬೀಳೋದು 32 ಸಾವಿರ, ಕ್ರಾಸ್ ಸೆಕ್ಷನ್ (ರಿಯಾಕ್ಷನ್ ಆಗೋ ಸಾಧ್ಯತೆಯ ಅಳತೆ, ಬಾರ್ನ್ ಅದರ ಯೂನಿಟ್) ಮೂರನೇ ಒಂದು ಬಾರ್ನ್ ಸುತ್ತ, ಹಾಗಾಗಿ ಆಕ್ಟಿವೇಟ್ ಆಗೋದು 500 ಚಿಲ್ಲರೆ ನ್ಯೂಕ್ಲಿಯಸ್. ಅದ್ರಲ್ಲಿ 336 ಗಾಮಾ ಬಿಡೋದು 46%, ಡಿಟೆಕ್ಟರ್ ಹಿಡಿಯೋದು ನೂರಕ್ಕೆ ಐದು ಅಂದ್ಕೊಂಡ್ರೆ, ಒಂದು ಅರ್ಧಾಯುಷ್ಯ ಎಣಿಸಿದ್ರೂ ಕೈಗೆ ಬರೋದು ಆರೇಳು ಕೌಂಟ್. ಅದು ಬ್ಯಾಕ್‌ಗ್ರೌಂಡ್‌ನಲ್ಲಿ ಮುಳುಗಿ ಹೋಗತ್ತೆ. 100 ಕೋಟಿ ಇದ್ರೆ ಆರುನೂರು ಕೌಂಟ್, ಆಗ ಎಣಿಕೆಯಿಂದ ಬರೋ ತಪ್ಪು 4% ಅಷ್ಟೇ, ಚಿನ್ನದಂಥ ಡೇಟಾ. ಮಧ್ಯದಲ್ಲಿ ಇರೋರು ಒಂದೆರಡು ಗಂಟೆ ಒಳಗೆ ಹಲವು ಶಾಟ್ ಹೊಡೆದು ಒಂದೇ ತುಂಡಲ್ಲಿ ಕೂಡಿಸ್ಕೊಳ್ಬಹುದು.

ಇನ್ನೊಂದು ಎಚ್ಚರಿಕೆ, ಇದನ್ನ ಮರೀಬೇಡಿ: ಗಟ್ಟಿ ಗಾಮಾ ಬಿದ್ರೂ ಇಂಡಿಯಂ-115 ಅದೇ ಸ್ಟೇಟ್‌ಗೆ ಹೋಗತ್ತೆ, ಕಾಪರ್-63 ಕೂಡ 11 ಎಂಇವಿ ಹತ್ತಿರದ ಗಾಮಾದಿಂದ ಕಾಪರ್-62 ಆಗಬಲ್ಲದು. ಅಂದ್ರೆ ಪೆಟಾವಾಟ್ ಶಾಟ್‌ನಲ್ಲಿ ಆಕ್ಟಿವೇಷನ್ ಅಂದ್ರೆ ನ್ಯೂಟ್ರಾನೇ ಅನ್ನೋ ಹಾಗಿಲ್ಲ. ಮತ್ತೆ ಅದೇ ನಲ್ ಶಾಟ್.

ಬಬಲ್ ಡಿಟೆಕ್ಟರ್ ಬಗ್ಗೆ ನಂಗೆ ಗೌರವ ಇದೆ. ಬೆರಳಿನಷ್ಟು ದಪ್ಪದ ಟ್ಯೂಬ್, ಒಳಗೆ ಜೆಲ್, ಜೆಲ್ ತುಂಬಾ ಸೂಪರ್‌ಹೀಟ್ ಆದ ಲಿಕ್ವಿಡ್ ಹನಿಗಳು, ನ್ಯೂಟ್ರಾನ್ ಬಡಿದ ಹನಿ ಪಟ್ ಅಂತ ಗುಳ್ಳೆ ಆಗಿ ಅಲ್ಲೇ ನಿಲ್ಲತ್ತೆ, ಕಣ್ಣಲ್ಲೇ ಎಣಿಸ್ಬಹುದು, ಮತ್ತೆ ಪ್ರೆಶರ್ ಕೊಟ್ರೆ ಗುಳ್ಳೆ ಮಾಯ, ಟ್ಯೂಬ್ ಮತ್ತೆ ರೆಡಿ. ವೈರ್ ಇಲ್ಲ, ಕರೆಂಟ್ ಇಲ್ಲ, ಗಾಮಾ ಇದಕ್ಕೆ ಕಾಣಲ್ಲ, ಎಲೆಕ್ಟ್ರೋಮ್ಯಾಗ್ನೆಟಿಕ್ ಪಲ್ಸ್ ಏನೂ ಮಾಡಲ್ಲ. ತೊಂದರೆ ಸೆನ್ಸಿಟಿವಿಟಿ. ಮೈಕ್ರೋಸೀವರ್ಟ್‌ಗೆ (ರೇಡಿಯೇಷನ್ ಡೋಸಿನ ಅಳತೆ) ಮೂರು ಗುಳ್ಳೆ ಕೊಡೋ ಟ್ಯೂಬ್ ತಗೊಳ್ಳಿ, 10 ಲಕ್ಷ ಡಿಡಿ ನ್ಯೂಟ್ರಾನ್ ಹುಟ್ಟಿದಾಗ 10 ಸೆಂಮೀ ದೂರದಲ್ಲಿ ಬೀಳೋದು ಚದರ ಸೆಂಮೀಗೆ 800, ಅದು ಸುಮಾರು 0.3 ಮೈಕ್ರೋಸೀವರ್ಟ್, ಅಂದ್ರೆ ಒಂದು ಗುಳ್ಳೆ. ಅದೇ ಟ್ಯೂಬ್ 1 ಮೀಟರ್‌ನಲ್ಲಿದ್ರೆ ಒಂದು ಗುಳ್ಳೆಗೆ 10 ಕೋಟಿ ನ್ಯೂಟ್ರಾನ್ ಬೇಕು. ಟೆಂಪರೇಚರ್‌ಗೂ ಇದರ ಉತ್ತರ ಬದಲಾಗತ್ತೆ, ಅದಕ್ಕೆ ಕಾಂಪೆನ್ಸೇಷನ್ ಇರೋ ಮಾಡೆಲ್ಲೇ ತಗೊಳ್ಳಿ. ಸಾಲಿಡ್ ಟಾರ್ಗೆಟ್, ದೊಡ್ಡ ಪಿಕೋಸೆಕೆಂಡ್ ಲೇಸರ್ ಇರೋರು ಚೇಂಬರ್ ಸುತ್ತ ಬೇರೆ ಬೇರೆ ಕೋನದಲ್ಲಿ ನಾಲ್ಕೈದು ಟ್ಯೂಬ್ ಇಟ್ರೆ ದಿಕ್ಕಿನ ವ್ಯತ್ಯಾಸ ಕಮ್ಮಿ ಖರ್ಚಲ್ಲಿ ಸಿಗತ್ತೆ.

ಸಿಆರ್-39 ನ್ಯೂಟ್ರಾನ್‌ಗೆ ನನ್ನ ಮೊದಲ ಆಯ್ಕೆ ಅಲ್ಲ. ಡಿಡಿ ನ್ಯೂಟ್ರಾನ್ 10 ಸಾವಿರ ಬಿದ್ರೆ ಒಂದರ ಗುರುತು ಉಳಿಯೋ ಮಟ್ಟ, ಬಿಸಿ ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ ಗಂಟೆಗಟ್ಟಲೆ ಎಚ್ (ಮೇಲ್ಮೈ ಕೊರೆಯೋದು) ಮಾಡಿ ಮೈಕ್ರೋಸ್ಕೋಪ್ ಕೆಳಗೆ ಎಣಿಸಬೇಕು, ಪ್ಲಾಸ್ಟಿಕ್‌ನದೇ ಹಳೇ ಗುರುತುಗಳೂ ಇರತ್ವೆ. ಮೇಲೆ ಹೇಳಿದ ಪ್ರೋಟಾನ್ ಎಣಿಕೆಗೆ ಮಾತ್ರ ಭೇಷ್.

ಹೀಲಿಯಂ-3 ಟ್ಯೂಬ್‌ನ (ಆ ಗ್ಯಾಸ್ ತುಂಬಿದ ನ್ಯೂಟ್ರಾನ್ ಕೌಂಟರ್) ಲೇಸರ್‌ನವರು ಯಾಕೋ ಮರೆತೇ ಬಿಡ್ತಾರೆ. ಸುತ್ತ ಪಾಲಿಥಿನ್ ಮಾಡರೇಟರ್ ಇಟ್ರೆ ನ್ಯೂಟ್ರಾನ್ ನಿಧಾನ ಆಗಿ ಟ್ಯೂಬ್ ಒಳಗೆ ಹೋಗೋಕೆ ಹತ್ತಾರು ಮೈಕ್ರೋಸೆಕೆಂಡ್ ಹಿಡಿಯತ್ತೆ, ಅಷ್ಟರಲ್ಲಿ ಗಾಮಾ ಫ್ಲ್ಯಾಶು ಪಲ್ಸಿನ ಗಲಾಟೆ ಎಲ್ಲ ಮುಗಿದಿರತ್ತೆ, ಒಂದೊಂದಾಗಿ ಎಣಿಸ್ಬಹುದು. ಶಾಟ್‌ಗೆ 10 ಸಾವಿರದಿಂದ ಲಕ್ಷದ ಮಟ್ಟದಲ್ಲಿ ಇರೋರಿಗೆ ಇದು ಬಹಳ ಒಳ್ಳೇದು. ಯೀಲ್ಡ್ ಜಾಸ್ತಿ ಆದ್ರೆ ಕೌಂಟ್‌ಗಳು ಒಂದರ ಮೇಲೊಂದು ಬೀಳತ್ವೆ, ಟ್ಯೂಬ್‌ನ ದೂರ ಸರಿಸ್ಬೇಕು. ಎನರ್ಜಿ ಮಾತ್ರ ಏನೂ ಹೇಳಲ್ಲ. ಹೀಲಿಯಂ-3 ದುಬಾರಿ ಕೂಡ.

ಎನ್‌ಐಎಫ್, ಒಮೆಗಾದಲ್ಲಿ ಇರೋ ಮ್ಯಾಗ್ನೆಟಿಕ್ ರಿಕಾಯಿಲ್ ಸ್ಪೆಕ್ಟ್ರೋಮೀಟರ್ ಸಣ್ಣ ಲ್ಯಾಬಿನ ಮಾತಲ್ಲ, ಆದ್ರೆ ಅದು ಏನು ಮಾಡತ್ತೆ ಅಂತ ತಿಳ್ಕೊಂಡಿರಿ: 14 ಎಂಇವಿ ಪೀಕ್ ಕೆಳಗೆ 10-12 ಎಂಇವಿ ಜಾಗದಲ್ಲಿ ಬಿದ್ದಿರೋ ನ್ಯೂಟ್ರಾನ್‌ಗಳನ್ನ ಪೀಕ್‌ಗೆ ಹೋಲಿಸಿ, ಫ್ಯುಯೆಲ್ ಎಷ್ಟು ಒತ್ತಟ್ಟಾಗಿತ್ತು ಅಂತ ಹೇಳತ್ತೆ, ಯಾಕಂದ್ರೆ ಫ್ಯುಯೆಲ್ ದಟ್ಟ ಇದ್ದಷ್ಟೂ ಹೊರಗೆ ಬರೋ ದಾರೀಲಿ ನ್ಯೂಟ್ರಾನ್ ಬಡಿದು ಎನರ್ಜಿ ಕಳ್ಕೊಳ್ಳತ್ತೆ.

ಹಾಗಾದ್ರೆ ಯಾವುದು ತಗೊಳ್ಳೋದು

ಶಾಟ್‌ಗೆ ಲಕ್ಷದ ಒಳಗೆ, ಸೆಕೆಂಡಿಗೆ ಹಲವು ಶಾಟ್ ಇದ್ರೆ: ಕ್ಲಸ್ಟರ್ ಇಲ್ಲಾ ಭಾರಜಲ, ಹೀಲಿಯಂ-3 ಒಂದು, 2-3 ಮೀಟರ್‌ನಲ್ಲಿ ಸಿಂಟಿಲೇಟರ್ ಒಂದು. ಆಕ್ಟಿವೇಷನ್ ತಲೆಗೇ ಹಾಕ್ಕೋಬೇಡಿ. 10 ಲಕ್ಷದಿಂದ 10 ಕೋಟಿ ಮಧ್ಯ ಇದ್ರೆ ಅದು ಎಲ್ಲಕ್ಕಿಂತ ಕಷ್ಟದ ಜಾಗ, ಅಲ್ಲಿ ಚೇಂಬರ್ ಒಳಗೇ ಹತ್ತಿರ ಇಟ್ಟ ಬಬಲ್ ಟ್ಯೂಬ್‌ಗಳು, ಗೇಟೆಡ್ ಪಿಎಂಟಿ ಜೊತೆ ಟೈಮ್ ಆಫ್ ಫ್ಲೈಟ್, ಇಂಡಿಯಂ ಬೇಕಾದ್ರೆ ಹಲವು ಶಾಟ್ ಕೂಡಿಸಿ. 100 ಕೋಟಿ ಮೇಲೆ ಹೋದ್ರೆ ಇಂಡಿಯಂ (ಡಿಟಿಗೆ ಕಾಪರ್, ಜಿರ್ಕೋನಿಯಂ) ಮುಖ್ಯ ಸಾಕ್ಷಿ, ಟೈಮ್ ಆಫ್ ಫ್ಲೈಟ್ ದೂರಕ್ಕೆ ಒಯ್ದು ಸ್ಪೆಕ್ಟ್ರಮ್‌ಗೆ ಬಿಡಿ.

ಯಾವ್ದನ್ನೇ ತಗೊಂಡ್ರೂ ರೂಮ್ ಸ್ಕ್ಯಾಟರ್ ಲೆಕ್ಕ ಬೇಕು. ಕಾಂಕ್ರೀಟ್ ಗೋಡೆ, ನೆಲ, ಆಪ್ಟಿಕಲ್ ಟೇಬಲ್, ದಪ್ಪ ಚೇಂಬರ್ ಫ್ಲ್ಯಾಂಜ್ ಎಲ್ಲದರಿಂದ ನ್ಯೂಟ್ರಾನ್ ವಾಪಸ್ ಬರತ್ತೆ. ಟೈಮ್ ಆಫ್ ಫ್ಲೈಟ್‌ನಲ್ಲಿ ಅದು ಪೀಕ್ ಹಿಂದಿನ ಬಾಲವಾಗಿ ಕಾಣತ್ತೆ, ಬೇರೆ ಮಾಡ್ಬಹುದು. ಹೀಲಿಯಂ-3, ಬಬಲ್‌ನಲ್ಲಿ ಎಲ್ಲ ಒಂದೇ ಎಣಿಕೆಯಲ್ಲಿ ಸೇರಿಬಿಡತ್ತೆ. ಇದಕ್ಕೆ ಶ್ಯಾಡೋ ಬಾರ್ ಇಡಿ: ಟಾರ್ಗೆಟ್ಟಿಗೂ ಡಿಟೆಕ್ಟರ್‌ಗೂ ನಡುವೆ ಡಿಟೆಕ್ಟರ್‌ನಷ್ಟೇ ಅಗಲದ ಉದ್ದನೆ ಪಾಲಿಥಿನ್ ದಿಮ್ಮಿ ಇಟ್ಟು ನೇರ ಬರೋದನ್ನ ತಡೆದ್ರೆ ಉಳಿದ ಎಣಿಕೆನೇ ಸ್ಕ್ಯಾಟರ್. ಜಾಗ ಇದ್ರೆ ಡಿಟೆಕ್ಟರ್‌ನ ಗೋಡೆಯಿಂದ ದೂರ, ರೂಮಿನ ಮಧ್ಯಕ್ಕೆ ತನ್ನಿ.

ಕ್ಯಾಲಿಬ್ರೇಷನ್‌ಗೆ ಕ್ಯಾಲಿಫೋರ್ನಿಯಂ-252 ಇಲ್ಲಾ ಅಮೆರಿಷಿಯಂ-ಬೆರಿಲಿಯಂ ಸೋರ್ಸ್ ಸಿಕ್ರೆ ಬಬಲ್, ಹೀಲಿಯಂ-3ಗೆ ಸಾಕು, ಆದ್ರೆ ಎರಡರ ಸ್ಪೆಕ್ಟ್ರಮ್ಮೂ ಅಗಲ, ಡಿಡಿ ತರ ಒಂದೇ ಎನರ್ಜಿ ಅಲ್ಲ ಅನ್ನೋದು ತಲೇಲಿರ್ಲಿ. ಸಿಂಟಿಲೇಟರ್‌ನ ಕರೆಂಟ್ ಮೋಡ್‌ನಲ್ಲಿ, ಅಂದ್ರೆ ಒಂದೇ ಶಾಟ್‌ನಲ್ಲಿ ಸಾವಿರಾರು ನ್ಯೂಟ್ರಾನ್ ಒಟ್ಟಿಗೆ ಬಡಿಯೋ ಹಾಗೆ ಬಳಸ್ತಿದ್ರೆ, ಯೀಲ್ಡ್ ಜಾಸ್ತಿ ಬಂದ ಶಾಟ್‌ಗಳಲ್ಲಿ ಪಕ್ಕದಲ್ಲೇ ಇಂಡಿಯಂ ಇಟ್ಟು ಟ್ರೇಸ್ ಕೆಳಗಿನ ಏರಿಯಾನ ಅದಕ್ಕೆ ಹೊಂದಿಸ್ಕೊಳ್ಳಿ. ಆಮೇಲೆ ಪಿಎಂಟಿ ವೋಲ್ಟೇಜ್ ಮುಟ್ಟಿದ್ರೆ ಆ ಕ್ಯಾಲಿಬ್ರೇಷನ್ ಹೋಯ್ತು, ಇನ್ನೊಮ್ಮೆ ಮಾಡ್ಬೇಕು, ಹಾಗಾಗಿ ಪ್ರತಿ ಶಾಟ್ ಫೈಲ್ ಜೊತೆ ವೋಲ್ಟೇಜು, ದೂರ, ಲೆಡ್ ದಪ್ಪ ಮೂರನ್ನೂ ಬರೆದಿಡಿ.